ಗಡಿ ದಾಟಿದ ರಣರಂಗ: ರಾತ್ಸ್ವಾವಿತ್ಸೆ ಪನೋರಮಾ ಮತ್ತು ಅದರ ವಸ್ತುಸಂಗ್ರಹಾಲಯ

ಪೋಲೆಂಡಿನ ನೈಋತ್ಯ ಭಾಗದ ವ್ರೊತ್ಸ್ವಾಫ್ ನಗರದಲ್ಲಿ, ಓಡರ್ ನದಿಗೆ ಸಮೀಪದ ಉದ್ಯಾನದೊಳಗಿನ ದುಂಡು ಕಟ್ಟಡವೊಂದರಲ್ಲಿ, 15 ಮೀಟರ್ ಎತ್ತರ ಮತ್ತು 114 ಮೀಟರ್ ಉದ್ದದ ಒಂದೇ ಒಂದು ಚಿತ್ರವಿದೆ. ರಾತ್ಸ್ವಾವಿತ್ಸೆ ಪನೋರಮಾ ಎಂದು ಅದರ ಹೆಸರು. 1794ರ ಏಪ್ರಿಲ್ 4ರಂದು ತದೇಉಷ್ ಕೊಶ್ಚ್ಯುಷ್ಕೊನ ನೇತೃತ್ವದ ಪೋಲಿಷ್ ಸೇನೆ ರಷ್ಯಾದ ಜನರಲ್ ತೊರ್ಮಾಸೊವ್‌ನ ಪಡೆಯನ್ನು ಸೋಲಿಸಿದ ಕಾಳಗ ಅದರ ವಸ್ತು. ಚಿತ್ರ ಹುಟ್ಟಿದ್ದು ಈ ನಗರದಲ್ಲಲ್ಲ. ಈ ನಗರಕ್ಕಾಗಿಯೂ ಅಲ್ಲ. 1893-94ರಲ್ಲಿ ಅದನ್ನು ಬರೆಯುತ್ತಿದ್ದಾಗ ವ್ರೊತ್ಸ್ವಾಫ್ ಎಂಬುದು ಬ್ರೆಸ್ಲಾವ್ ಎಂಬ ಹೆಸರಿನ ಜರ್ಮನ್ ನಗರವಾಗಿತ್ತು. ಚಿತ್ರ ಹುಟ್ಟಿದ ನಗರವನ್ನು ಪೋಲರು ಲ್ವೂಫ್ ಎಂದೂ ಅದನ್ನು ಆಳುತ್ತಿದ್ದ ಆಸ್ಟ್ರಿಯನ್ನರು ಲೆಂಬೆರ್ಗ್ ಎಂದೂ ಕರೆಯುತ್ತಿದ್ದರು. ಇಂದು ಅದು ಉಕ್ರೇನಿನ ಲ್ವಿವ್. ಕಾಳಗ ನಡೆದ ರಾತ್ಸ್ವಾವಿತ್ಸೆ ಗ್ರಾಮವಾದರೋ ಆಗ ರಷ್ಯಾದ ಆಳ್ವಿಕೆಗೆ ಸೇರಿತ್ತು. ಚಿತ್ರದಲ್ಲಿರುವ ಹೊಲ, ಚಿತ್ರ ಬರೆದ ಊರು, ಚಿತ್ರ ಇಂದು ಇರುವ ಊರು, ಈ ಮೂರೂ 1894ರಲ್ಲಿ ಮೂರು ಬೇರೆ ಬೇರೆ ಸಾಮ್ರಾಜ್ಯಗಳಲ್ಲಿದ್ದವು.

ಪ್ರವಾಸಿ ಬರಹಗಳು ಇದರ ಗಾತ್ರವನ್ನು ಹೊಗಳುತ್ತವೆ, ಇಲ್ಲವೇ ಅದು ಉಳಿದುಬಂದುದನ್ನು ಪವಾಡವೆನ್ನುತ್ತವೆ. ಗಾತ್ರ ಸೋಜಿಗದ್ದೇ, ಉಳಿವೂ ಹಾಗೆಯೇ. ಆದರೆ ಗಡಿಗಳು ಸರಿದಾಗ ಒಂದು ಸಮುದಾಯದ ನೆನಪು ಯಾವ ರೂಪದಲ್ಲಿ ಜೊತೆಗೆ ಬರುತ್ತದೆ, ಬರುವಾಗ ಯಾವುದನ್ನು ಹಿಂದೆ ಬಿಟ್ಟು ಬರುತ್ತದೆ ಎಂಬ ಪ್ರಶ್ನೆಯನ್ನು ಇಷ್ಟು ನಿಚ್ಚಳವಾಗಿ ಎದುರಿಗಿಡುವ ಕಲಾಕೃತಿಗಳು ಹೆಚ್ಚಿಲ್ಲ. ಈ ಚಿತ್ರವನ್ನು ಆ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಅವಶ್ಯಕ.

ಮೊದಲು ಪ್ರಕಾರದ ಮಾತು. ಪನೋರಮಾ ಎಂಬುದು ಎಡಿನ್‌ಬರೋದಲ್ಲಿ ನೆಲೆಸಿದ್ದ ಚಿತ್ರಕಾರ ರಾಬರ್ಟ್ ಬಾರ್ಕರ್ 1787ರಲ್ಲಿ ಹಕ್ಕುಪತ್ರ ಪಡೆದ ಒಂದು ಯುಕ್ತಿ. ದುಂಡಾದ ಕಟ್ಟಡದ ಒಳಗೋಡೆಯುದ್ದಕ್ಕೂ ಚಿತ್ರವನ್ನು ತೂಗುಹಾಕಿ, ನಡುವಿನ ಜಗತಿಯ ಮೇಲೆ ಪ್ರೇಕ್ಷಕನನ್ನು ನಿಲ್ಲಿಸಿ, ಮೇಲಿನ ಅಂಚನ್ನು ಚಪ್ಪರದಿಂದಲೂ ಕೆಳಗಿನ ಅಂಚನ್ನು ಬೇರೊಂದು ಉಪಾಯದಿಂದಲೂ ಮರೆಮಾಡಿದರೆ, ಚಿತ್ರಕ್ಕೆ ಚೌಕಟ್ಟು ಇಲ್ಲದಂತಾಗುತ್ತದೆ. ಪ್ರೇಕ್ಷಕನನ್ನು ಬೀದಿಯ ಬೆಳಕಿನಿಂದ ನೇರವಾಗಿ ಜಗತಿಗೆ ಕರೆತರುವುದಿಲ್ಲ. ಕತ್ತಲೆಯ ಓಣಿಯೊಂದರಲ್ಲಿ ಸುತ್ತಿಸಿ ಮೇಲಕ್ಕೆ ಹತ್ತಿಸಲಾಗುತ್ತದೆ. ಹೊರಗಿನ ಲೋಕದ ಅಳತೆ ಕಣ್ಣಿನಿಂದ ಅಳಿದ ಮೇಲೆ ಚಿತ್ರ ಎದುರಾಗುತ್ತದೆ. ಹೋಲಿಸಿ ನೋಡಲು ಬೇರೇನೂ ಇಲ್ಲದಿರುವುದರಿಂದ ಕಣ್ಣು ಸೋಲುತ್ತದೆ. ಬಟ್ಟೆಯನ್ನು ಮೇಲಿನ ಉಂಗುರದಿಂದ ಇಳಿಬಿಟ್ಟು ಕೆಳಗೆ ಭಾರ ಕಟ್ಟುವುದರಿಂದ ಅದು ಕೊಳವೆಯಂತೆ ನೇರವಾಗಿ ನಿಲ್ಲದೆ ನಡುವಿನಲ್ಲಿ ಪ್ರೇಕ್ಷಕನ ಕಡೆಗೆ ಬಾಗುತ್ತದೆ. ಚಿತ್ರಕಾರ ಈ ಬಾಗನ್ನು ಲೆಕ್ಕದಲ್ಲಿಟ್ಟುಕೊಂಡೇ ದಿಗಂತವನ್ನು ಎಳೆಯಬೇಕು.

ಈ ಪ್ರಕಾರದ ಆರಂಭಕಾಲಕ್ಕೇ ಕನ್ನಡನಾಡಿನ ನಂಟಿದೆಯೆಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಲಂಡನ್ನಿನ ಲೈಸಿಯಂನಲ್ಲಿ ಆ ಮುತ್ತಿಗೆಯ ಬೃಹತ್ ಅರ್ಧವರ್ತುಲ ಚಿತ್ರವೊಂದು ಪ್ರದರ್ಶನಗೊಂಡಿತು. ಬರೆದವನು ಇಪ್ಪತ್ತರ ಆಸುಪಾಸಿನ ರಾಬರ್ಟ್ ಕೆರ್ ಪೋರ್ಟರ್. ಅವನು ಕಾವೇರಿಯನ್ನು ಕಂಡವನಲ್ಲ. ಕೆಲವೇ ವಾರಗಳಲ್ಲಿ ಮುಗಿಸಿದ ಆ ಚಿತ್ರ ಲಂಡನ್ನಿನ ಜನರನ್ನು ಕೋಟೆಯ ಬಿರುಕಿನೆದುರು ನಿಲ್ಲಿಸಿತು. ನಿಲ್ಲಿಸಿದ್ದು ಗೆದ್ದವರ ಕಡೆಯಲ್ಲಿ. ಚಿತ್ರ ಮುಂದೆ ಬೆಂಕಿಗೆ ಆಹುತಿಯಾಗಿ, ಅದರ ಆಧಾರದ ಮೇಲೆ ತೆಗೆದ ಮುದ್ರಣಚಿತ್ರಗಳಷ್ಟೇ ಉಳಿದವು. ಯುದ್ಧದ ಪನೋರಮಾ ಮೊದಲಿನಿಂದಲೂ ಹೀಗೆಯೇ ಕೆಲಸ ಮಾಡಿದೆ: ದೂರದ ಕಾಳಗವನ್ನು ಹತ್ತಿರಕ್ಕೆ ತರುತ್ತದೆ, ಆ ಹತ್ತಿರದಲ್ಲಿ ಪ್ರೇಕ್ಷಕನ ಪಕ್ಷವನ್ನು ಅವನ ಪರವಾಗಿ ತಾನೇ ತೀರ್ಮಾನಿಸುತ್ತದೆ. ಜಗತಿಯನ್ನು ಎಲ್ಲಿ ಕಟ್ಟಬೇಕೆಂಬುದನ್ನು ನಿರ್ಧರಿಸುವವನ ಕೈಯಲ್ಲಿಯೇ ಅರ್ಧ ಅರ್ಥವಿರುತ್ತದೆ.

ರಾತ್ಸ್ವಾವಿತ್ಸೆಯ ಚಿತ್ರದ ಯೋಜನೆ ಯಾನ್ ಸ್ತಿಕಾನದು. ಕಾಳಗದ ನೂರನೆಯ ವರ್ಷಕ್ಕೆಂದು, ಲ್ವೂಫ್‌ನ ಸ್ತ್ರೀ ಉದ್ಯಾನದಲ್ಲಿ ನಡೆಯಲಿದ್ದ ರಾಷ್ಟ್ರೀಯ ಪ್ರದರ್ಶನದ ಅಂಗವಾಗಿ ಅವನು ಇದನ್ನು ಕೈಗೆತ್ತಿಕೊಂಡ. ಕುದುರೆಗಳನ್ನೂ ಸೈನಿಕರನ್ನೂ ಬರೆಯುವುದರಲ್ಲಿ ಪಳಗಿದ್ದ ವೊಯ್‌ಚೆಖ್ ಕೊಸ್ಸಾಕ್‌ನನ್ನು ಜೊತೆಗೆ ಸೇರಿಸಿಕೊಂಡ. ಇನ್ನೂ ಹಲವು ಚಿತ್ರಕಾರರು ಸೇರಿ, 1893ರ ಆಗಸ್ಟಿನಿಂದ 1894ರ ಮೇವರೆಗೆ, ಒಂಬತ್ತು ತಿಂಗಳಲ್ಲಿ ಕೆಲಸ ಮುಗಿಸಿದರು. ಬಟ್ಟೆ ಬಂದದ್ದು ಬ್ರಸೆಲ್ಸ್‌ನಿಂದ, ಕಟ್ಟಡದ ಕಬ್ಬಿಣದ ಚಾವಣಿ ವಿಯೆನ್ನಾದಿಂದ. ಭೂದೃಶ್ಯದ ಹೊಣೆ ಹೊತ್ತವರಲ್ಲೊಬ್ಬ ಮ್ಯೂನಿಖ್‌ನ ಲುಡ್ವಿಗ್ ಬೊಲ್ಲರ್. ಪೋಲಿಷ್ ರಾಷ್ಟ್ರೀಯತೆಯ ಈ ದೊಡ್ಡ ಚಿತ್ರದ ಮಣ್ಣನ್ನೂ ಆಕಾಶವನ್ನೂ ಬರೆದ ಕೈಗಳಲ್ಲಿ ಜರ್ಮನ್ ಕೈಯೂ ಇತ್ತೆಂಬುದು ಒಂದು ಸಣ್ಣ ವಿನೋದ. ಚಿತ್ರಕಾರರು ಕಾಳಗದ ಹೊಲಗಳನ್ನು ಕಣ್ಣಾರೆ ಕಾಣಲು ಆಸ್ಟ್ರಿಯಾದ ಗಡಿ ದಾಟಿ ರಷ್ಯಾದ ನೆಲಕ್ಕೆ ಹೋಗಿಬಂದರು. 1894ರ ಜೂನ್ 5ರಂದು ಚಿತ್ರ ಸಾರ್ವಜನಿಕರಿಗೆ ತೆರೆಯಿತು.

ಚಿತ್ರಕಲೆಯ ದೃಷ್ಟಿಯಿಂದ ಹೇಳುವುದಾದರೆ ಇದು ಸಮನಾದ ಗುಣಮಟ್ಟದ ಕೃತಿಯಲ್ಲ. ಹಲವು ಕೈಗಳ ಅವಸರದ ಕೆಲಸವೆಂಬುದು ಅಲ್ಲಲ್ಲಿ ಕಾಣುತ್ತದೆ. ಕೊಸ್ಸಾಕ್‌ನ ಕುದುರೆಗಳಿಗೆ ಮೈಭಾರವಿದೆ, ಉಸಿರಿದೆ. ಅವು ಓಡುವಾಗ ನೆಲ ಮಿಸುಕುವಂತೆ ತೋರುತ್ತದೆ. ಮನುಷ್ಯರ ಗುಂಪುಗಳಾದರೋ ಹಲವೆಡೆ ರಂಗಸಜ್ಜಿಕೆಯ ಮೇಲೆ ನಿಂತಂತೆ ನಿಂತಿವೆ. ದಾರಿಬದಿಯ ಶಿಲುಬೆಯ ಬಳಿ ಪ್ರಾರ್ಥಿಸುವ ಹಳ್ಳಿಗರ ಗುಂಪು ಅಂಥದು. ಅದು ಕಾಳಗದ ದೃಶ್ಯವಲ್ಲ, ಕಾಳಗಕ್ಕೆ ಕೊಟ್ಟ ವ್ಯಾಖ್ಯಾನ. ಸ್ತಿಕಾನಿಗೆ ಸಂಕೇತದ ಮೋಹ, ಕೊಸ್ಸಾಕ್‌ನಿಗೆ ಸೈನಿಕ ವಿವರದ ಹಟ; ಇವೆರಡರ ಜಗ್ಗಾಟ ಚಿತ್ರದುದ್ದಕ್ಕೂ ಇದೆ. ಆ ಜಗ್ಗಾಟವೇ ಅದನ್ನು ಬರಿಯ ಘೋಷಣೆಯಾಗದಂತೆ ಕಾಪಾಡಿದೆ ಎಂದರೆ ತಪ್ಪಾಗದು. ಏಪ್ರಿಲ್ ತಿಂಗಳ ಬರಿದಾದ ಹೊಲಗಳು, ಕಾಡಿನಂಚು, ಎಲೆ ಮೂಡದ ಮರಗಳ ನಡುವೆ ತೇಲುವ ಹೊಗೆ, ಇವು ಚಿತ್ರದ ಅತ್ಯಂತ ಪ್ರಾಮಾಣಿಕ ಭಾಗಗಳು. ಯಾವ ವೀರನೂ ಇಲ್ಲದ ಕಡೆ ಚಿತ್ರ ತನ್ನನ್ನು ತಾನು ಮರೆತು ಚೆನ್ನಾಗಿದೆ.

ಕಾಳಗದ ಹಲವು ಗಳಿಗೆಗಳು ಇಲ್ಲಿ ಒಂದೇ ಗಳಿಗೆಯಾಗಿ ಸುತ್ತುಗಟ್ಟಿ ನಿಂತಿವೆ. ಒಂದು ಕಡೆ ಅಶ್ವದಳದ ಘರ್ಷಣೆ, ಇನ್ನೊಂದು ಕಡೆ ಹಿಮ್ಮೆಟ್ಟುತ್ತಿರುವ ರಷ್ಯನ್ ಪಡೆ, ನಡುವೆ ಕುದುರೆಯ ಮೇಲೆ ಕೊಶ್ಚ್ಯುಷ್ಕೊ. ಎಲ್ಲಕ್ಕಿಂತ ಮುಖ್ಯವಾಗಿ ಫಿರಂಗಿಗಳ ಮೇಲೆ ನುಗ್ಗುತ್ತಿರುವ ರೈತರು. ಹುಲ್ಲು ಕೊಯ್ಯುವ ಉದ್ದ ಕಾವಿನ ಕತ್ತಿಯ ಅಲಗನ್ನು ಕಾವಿಗೆ ನೇರವಾಗಿ ಕೂರಿಸಿ ಈಟಿಯಂತೆ ಮಾಡಿಕೊಂಡ ಕ್ರಾಕೂಫ್ ಸೀಮೆಯ ಈ ರೈತರ ದಾಳಿಯೇ ಅಂದಿನ ಗೆಲುವಿಗೆ ಕಾರಣವೆಂದು ಐತಿಹ್ಯ. ಅವರಲ್ಲಿ ಬಾರ್ತೋಶ್ ಎಂಬ ಜೀತದ ರೈತ ಫಿರಂಗಿಯ ಬತ್ತಿಯನ್ನು ತನ್ನ ಟೋಪಿಯಿಂದ ಅದುಮಿ ಆರಿಸಿ ಫಿರಂಗಿಯನ್ನು ವಶಪಡಿಸಿಕೊಂಡನೆಂಬ ಕಥೆ ಪೋಲೆಂಡಿನ ಪ್ರತಿ ಶಾಲಾ ಮಗುವಿಗೂ ಗೊತ್ತು. ಅವನಿಗೆ ಜೀತದಿಂದ ಬಿಡುಗಡೆಯೂ ಧ್ವಜಧಾರಿಯ ಪದವಿಯೂ ಗ್ವೊವಾತ್ಸ್ಕಿ ಎಂಬ ಕುಲನಾಮವೂ ದೊರೆತವು. ಎರಡೇ ತಿಂಗಳಲ್ಲಿ, ಶ್ಚೆಕೊಚಿನಿಯ ಕಾಳಗದಲ್ಲಿ ಆದ ಗಾಯಗಳಿಂದ ಅವನು ಸತ್ತ. ದಂಗೆ ಅದೇ ವರ್ಷ ಮುರಿದುಬಿತ್ತು; 1795ರ ಮೂರನೆಯ ವಿಭಜನೆಯೊಂದಿಗೆ ಪೋಲೆಂಡ್ ಭೂಪಟದಿಂದಲೇ ಅಳಿಯಿತು. ಸೈನಿಕ ದೃಷ್ಟಿಯಿಂದ ರಾತ್ಸ್ವಾವಿತ್ಸೆ ಸಣ್ಣ ಗೆಲುವು. ಅಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಚಿತ್ರ ಏಕೆ ಬೇಕಾಯಿತು?

ಉತ್ತರ 1794ರಲ್ಲಿ ಸಿಗುವುದಿಲ್ಲ, 1846ರಲ್ಲಿ ಸಿಗುತ್ತದೆ. ಆ ವರ್ಷ ಗಲಿಸಿಯಾ ಪ್ರಾಂತದಲ್ಲಿ ಪೋಲಿಷ್ ಕುಲೀನರು ಆಸ್ಟ್ರಿಯಾದ ವಿರುದ್ಧ ದಂಗೆಗೆ ಅಣಿಯಾದಾಗ ಅವರ ಸ್ವಂತ ರೈತರೇ ಅವರ ಮೇಲೆ ಬಿದ್ದರು. ತಾರ್ನೂಫ್ ಸುತ್ತಿನ ಪ್ರದೇಶದಲ್ಲಿ ನೂರಾರು ಜಹಗೀರುದಾರರ ಮನೆಗಳು ಲೂಟಿಯಾದವು, ಸುಮಾರು ಸಾವಿರ ಮಂದಿ ಸತ್ತರು. ಯಾಕುಬ್ ಶೆಲಾ ಎಂಬ ರೈತನ ಹೆಸರು ಆ ಹತ್ಯಾಕಾಂಡದೊಂದಿಗೆ ಅಂಟಿಕೊಂಡಿತು. ಹುಲ್ಲುಗತ್ತಿ ಹಿಡಿದ ಪೋಲಿಷ್ ರೈತ ಎಂಬ ಚಿತ್ರ ಗಲಿಸಿಯಾದ ಕುಲೀನರ ಮನಸ್ಸಿನಲ್ಲಿ ಎರಡು ರೂಪದಲ್ಲಿತ್ತು: ಒಂದು ರಾತ್ಸ್ವಾವಿತ್ಸೆಯದು, ಇನ್ನೊಂದು ತಾರ್ನೂಫ್‌ನದು. ಪನೋರಮಾ ಮೊದಲನೆಯದನ್ನು 114 ಮೀಟರ್ ಉದ್ದಕ್ಕೆ ಹಿಗ್ಗಿಸಿ ಎರಡನೆಯದನ್ನು ಮರೆಮಾಡುತ್ತದೆ. ಕುಲೀನನೂ ರೈತನೂ ಒಂದೇ ಹೊಲದಲ್ಲಿ, ಒಂದೇ ವೈರಿಯೆದುರು ನಿಂತ ಒಂದು ಮಧ್ಯಾಹ್ನ ಇತಿಹಾಸದಲ್ಲಿ ಇತ್ತೆಂಬುದಕ್ಕೆ ಸಾಕ್ಷಿ ಬೇಕಾಗಿತ್ತು; ಸಾಕ್ಷಿ ದೊಡ್ಡದಾಗಿರಬೇಕಿತ್ತು. ಜೀತವನ್ನು ಸಡಿಲಿಸಿದ ಕೊಶ್ಚ್ಯುಷ್ಕೊನ ಪೊವಾನ್ಯೆತ್ಸ್ ಘೋಷಣೆ ಹೊರಟದ್ದು 1794ರ ಮೇ 7ರಂದು. ಅಂದರೆ ಚಿತ್ರದಲ್ಲಿ ನುಗ್ಗುತ್ತಿರುವ ರೈತರು ಕಾಗದದ ಮೇಲಿನ ಭರವಸೆಗೂ ಒಂದು ತಿಂಗಳು ಮೊದಲು ಪ್ರಾಣ ಪಣಕ್ಕಿಟ್ಟವರು. ಚಿತ್ರದ ಸಹಾಯಕರಲ್ಲಿದ್ದ ವ್ವೊಜಿಮ್ಯೆಶ್ ತೆತ್ಮಾಯೆರ್ ಕುಲೀನ ಮನೆತನದಲ್ಲಿ ಹುಟ್ಟಿ ಕ್ರಾಕೂಫ್ ಬಳಿಯ ಹಳ್ಳಿಯ ರೈತ ಹೆಣ್ಣನ್ನು ಮದುವೆಯಾಗಿ ಅಲ್ಲಿಯೇ ನೆಲೆಸಿದವನು. ಆ ತಲೆಮಾರಿಗೆ ರೈತನ ಮೇಲೆ ಹುಟ್ಟಿದ ಪ್ರೀತಿ ನಿಜವಾದುದೇ. ಆದರೆ ಆ ಪ್ರೀತಿಯ ಬೆನ್ನಿಗೆ ಒಂದು ಹಳೆಯ ಭಯವೂ ಇತ್ತು.

ಇನ್ನೊಂದು ಮೌನ ಇದಕ್ಕಿಂತ ಆಳದ್ದು. ಲ್ವೂಫ್ ನಗರದೊಳಗೆ ಪೋಲಿಷ್ ಮಾತು ಮೇಲುಗೈ ಪಡೆದಿತ್ತು. ಯಹೂದಿಗಳ ದೊಡ್ಡ ಸಮುದಾಯವೂ ಇತ್ತು. ನಗರದ ಸುತ್ತಲಿನ ಪೂರ್ವ ಗಲಿಸಿಯಾದ ಹಳ್ಳಿಗಳಲ್ಲಿ ಮಾತ್ರ ಬಹುಪಾಲು ರೈತರ ಮಾತು ಅಂದು ರುಥೇನಿಯನ್ ಎನಿಸಿಕೊಳ್ಳುತ್ತಿದ್ದ ಉಕ್ರೇನಿಯನ್. ಪೋಲಿಷ್ ಜಹಗೀರುದಾರನಿಗೂ ಅವನ ಉಕ್ರೇನಿಯನ್ ಒಕ್ಕಲಿಗೂ ನಡುವೆ ಇದ್ದ ಬಿರುಕು ಭಾಷೆಯದೂ ಹೌದು, ಮತದ್ದೂ ಹೌದು, ಹೊಲದ್ದೂ ಹೌದು. ದುಂಡು ಕಟ್ಟಡದೊಳಗೆ ರಾಷ್ಟ್ರದ ರೈತನೆಂದು ಕೊಂಡಾಡಿದವನು ಮುನ್ನೂರು ಕಿಲೋಮೀಟರ್ ಪಶ್ಚಿಮದ ಕ್ರಾಕೂಫ್ ಸೀಮೆಯವನು. ಕಟ್ಟಡದ ಬಾಗಿಲಿನಾಚೆ ಹೊಲ ಉಳುತ್ತಿದ್ದವನಿಗೆ ಆ ವರ್ತುಲದಲ್ಲಿ ಜಾಗವಿರಲಿಲ್ಲ. ಇದನ್ನು ಚಿತ್ರಕಾರರ ದೋಷವೆಂದು ಎಣಿಸುವುದು ಸುಲಭ. ಅದು ಪ್ರಕಾರದ ಗುಣವೂ ಹೌದು. ಚೌಕಟ್ಟುಳ್ಳ ಚಿತ್ರ ತನ್ನ ಹೊರಗೊಂದು ಲೋಕವಿದೆಯೆಂದು ಒಪ್ಪಿಕೊಂಡೇ ಮಾತಾಡುತ್ತದೆ. ಪನೋರಮಾ ತನ್ನ ಹೊರಗೆ ಏನೂ ಇಲ್ಲವೆಂಬ ಷರತ್ತಿನ ಮೇಲೆಯೇ ನಡೆಯುತ್ತದೆ.

ಚಿತ್ರಕ್ಕೆ ಆಸ್ಟ್ರಿಯಾದ ಆಳ್ವಿಕೆಯಲ್ಲಿ ಅನುಮತಿ ಹೇಗೆ ಸಾಧ್ಯವಾಯಿತೆಂಬುದನ್ನೂ ಗಮನಿಸಬೇಕು. ಪೋಲೆಂಡನ್ನು ಹಂಚಿಕೊಂಡ ಮೂವರಲ್ಲಿ ಆಸ್ಟ್ರಿಯಾವೂ ಒಂದು. ಆದರೆ ಚಿತ್ರದಲ್ಲಿ ಸೋಲುತ್ತಿರುವುದು ರಷ್ಯಾ ಮಾತ್ರ. ಆದುದರಿಂದ ಅದು ವಿಯೆನ್ನಾಕ್ಕೆ ಸಹ್ಯವಾಗಿತ್ತು. ಇದೇ ಕಾರಣ ಅರ್ಧ ಶತಮಾನದ ಮೇಲೆ ತಿರುಗಿ ನಿಂತಿತು. ಚಿತ್ರವನ್ನು ಕಾಣಲು ಬಿಟ್ಟದ್ದೂ ಮುಚ್ಚಿಟ್ಟದ್ದೂ ಅದೇ ವೈರಿಯ ಮುಖ.

1944ರ ಏಪ್ರಿಲಿನಲ್ಲಿ ಬಾಂಬ್ ಬಿದ್ದು ಲ್ವೂಫ್‌ನ ಕಟ್ಟಡಕ್ಕೂ ಚಿತ್ರಕ್ಕೂ ಹಾನಿಯಾಯಿತು. ಬಟ್ಟೆಯನ್ನು ಕೆಳಗಿಳಿಸಿ, ಸುರುಳಿ ಸುತ್ತಿ, ಬರ್ನಾರ್ಡೈನ್ ಸನ್ಯಾಸಿಗಳ ಮಠದಲ್ಲಿ ಇರಿಸಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಗಡಿಗಳು ಪಶ್ಚಿಮಕ್ಕೆ ಸರಿದಿದ್ದವು. ಲ್ವೂಫ್ ಸೋವಿಯತ್ ಉಕ್ರೇನಿಗೆ ಸೇರಿತು; ಬ್ರೆಸ್ಲಾವ್ ಪೋಲೆಂಡಿಗೆ ಸೇರಿ ವ್ರೊತ್ಸ್ವಾಫ್ ಆಯಿತು. ಅಲ್ಲಿನ ಜರ್ಮನರನ್ನು ಹೊರಹಾಕಲಾಯಿತು. ಲ್ವೂಫ್‌ನ ಪೋಲರಲ್ಲಿ ಅನೇಕರು ರೈಲು ಹತ್ತಿ ಬಂದು ಅವರ ಖಾಲಿ ಮನೆಗಳಲ್ಲಿ ನೆಲೆಸಿದರು. ಲ್ವೂಫ್‌ನ ಯಹೂದಿಗಳಲ್ಲಿ ಬಹುಪಾಲು ಮಂದಿ ಆ ವೇಳೆಗೆ ನಾಜಿಗಳ ಕೈಯಲ್ಲಿ ಹತರಾಗಿದ್ದರು. 1817ರಲ್ಲಿ ಸ್ಥಾಪಿತವಾದ ಒಸ್ಸೊಲಿನೆಯಮ್ ಗ್ರಂಥಾಲಯದ ಸಂಗ್ರಹದ ಒಂದು ಭಾಗದೊಂದಿಗೆ 1946ರ ಜುಲೈನಲ್ಲಿ ಪನೋರಮಾವೂ ವ್ರೊತ್ಸ್ವಾಫ್ ತಲುಪಿತು. ನಾಟಕಕಾರ ಅಲೆಕ್ಸಾಂದರ್ ಫ್ರೆದ್ರೊನ ಲ್ವೂಫ್ ವಿಗ್ರಹವೂ ಬಂತು. 1956ರಿಂದ ಅದು ವ್ರೊತ್ಸ್ವಾಫ್‌ನ ಪೇಟೆಚೌಕದಲ್ಲಿ, ಹಿಂದೆ ಪ್ರಷ್ಯಾದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಮ್‌ನ ಅಶ್ವಾರೂಢ ವಿಗ್ರಹವಿದ್ದ ಜಾಗದಲ್ಲಿ ಕೂತಿದೆ.

ಕನ್ನಡದ ಗಡಿನಾಡುಗಳ ಅನುಭವಕ್ಕೂ ಇದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ರೇಖೆ ಸರಿಯಿತು, ಜನ ಸರಿಯಲಿಲ್ಲ. ಮನೆ, ತೋಟ, ದೈವಸ್ಥಾನ ಎಲ್ಲವೂ ಇದ್ದಲ್ಲಿಯೇ ಇದ್ದು ಕಚೇರಿಯ ಭಾಷೆ ಮಾತ್ರ ಬದಲಾಯಿತು. ಮಂಜೇಶ್ವರದ ಗೋವಿಂದ ಪೈಗಳು ಆ ಬದಲಾವಣೆಯ ಮೇಲೂ ಏಳು ವರ್ಷ ಬದುಕಿದ್ದರು. ಅವರ ಮನೆ ಇದ್ದೆಡೆಯಲ್ಲಿಯೇ ಗಿಳಿವಿಂಡು ಎಂಬ ಸ್ಮಾರಕವಾಗಿದೆ. ನೆಲೆ ಬಿಡದ ಸಮುದಾಯದ ಸ್ಮಾರಕ ನೆಲಕ್ಕೆ ಅಂಟಿಕೊಂಡಿರುತ್ತದೆ, ಅದರ ಸುತ್ತಲಿನ ರಾಜ್ಯದ ಹೆಸರು ಬದಲಾಗುತ್ತದೆ. ನೆಲೆ ಬಿಟ್ಟ ಸಮುದಾಯದ ಸ್ಮಾರಕವನ್ನು ಸುರುಳಿ ಸುತ್ತಿ ಒಯ್ಯಬೇಕಾಗುತ್ತದೆ. ಒಯ್ಯಲಾಗುವುದು ಬಟ್ಟೆ, ಪುಸ್ತಕ, ಕಂಚು. ಹೊಲ, ನೆರೆಯವನ ಮಾತು, ಬೀದಿಯ ಹೆಸರುಗಳು ಅಲ್ಲಿಯೇ ಉಳಿಯುತ್ತವೆ. ಪನೋರಮಾ ತನ್ನೊಂದಿಗೆ ತನ್ನದೇ ಹೊಲವನ್ನು ಹೊತ್ತು ತರುವ ಪ್ರಕಾರವಾದುದರಿಂದ ಲ್ವೂಫ್ ಬಿಟ್ಟುಬಂದವರಿಗೆ ಅದು ಅಷ್ಟು ಬೇಕಾದದ್ದಾಯಿತೇನೋ. ಅಲ್ಲಿ ಕಾಣುವುದು ಲ್ವೂಫ್‌ನ ಹೊಲವಲ್ಲವೆಂಬುದು ಆ ಬಯಕೆಗೆ ಅಡ್ಡಿಯಾಗಲಿಲ್ಲ. ಅವರು ಕಳೆದುಕೊಂಡದ್ದು ಚಿತ್ರದೊಳಗಿನ ಭೂದೃಶ್ಯವನ್ನಲ್ಲ, ಆ ಚಿತ್ರವನ್ನು ನೋಡಲು ಹೋಗುತ್ತಿದ್ದ ಉದ್ಯಾನವನ್ನು.

ಬಂದ ಚಿತ್ರವನ್ನು ತೆರೆಯಲು 39 ವರ್ಷ ಬೇಕಾಯಿತು. ಸೋವಿಯತ್ ಒಕ್ಕೂಟದ ಮಿತ್ರರಾಷ್ಟ್ರವೆನಿಸಿಕೊಂಡ ದೇಶದಲ್ಲಿ ಪೋಲರು ರಷ್ಯನ್ನರನ್ನು ಸೋಲಿಸುವ ಚಿತ್ರವನ್ನು ಯಾವ ಅಧಿಕಾರಿಯೂ ತೂಗುಹಾಕಲಾರ. ನಿಷೇಧವೆಂಬ ಮಾತನ್ನು ಆಡಬೇಕಾಗಿರಲಿಲ್ಲ, ವಿಳಂಬ ಸಾಕಾಗಿತ್ತು. ಸಮಿತಿಗಳು ರಚನೆಯಾದವು, ಸ್ಪರ್ಧೆ ನಡೆಯಿತು, ಎವಾ ಮತ್ತು ಮಾರೆಕ್ ಜೆಕೊನ್ಸ್ಕಿ ದಂಪತಿಗಳ ವಿನ್ಯಾಸ ಆಯ್ಕೆಯಾಯಿತು, 1960ರ ದಶಕದಲ್ಲಿ ಕಟ್ಟಡವೂ ಎದ್ದಿತು. ಎದ್ದ ಕಟ್ಟಡ ಚಿತ್ರವಿಲ್ಲದೆ ಅಪೂರ್ಣವಾಗಿ ವರ್ಷಗಟ್ಟಲೆ ನಿಂತಿತು. ಇದೇ ಅವಧಿಯಲ್ಲಿ, 1962ರಲ್ಲಿ, ಮಾಸ್ಕೋದಲ್ಲಿ ಫ್ರಾಂಟ್ಸ್ ರೂಬೊ ಬರೆದ ಬೊರೊದಿನೊ ಪನೋರಮಾಕ್ಕೆ ಹೊಸ ಕಟ್ಟಡ ತೆರೆಯಿತು. ಯುದ್ಧದಲ್ಲಿ ಹಾನಿಗೊಂಡ ಸೆವಸ್ತೊಪೊಲ್ ಪನೋರಮಾ ಅದಕ್ಕೂ ಮೊದಲೇ, 1954ರಲ್ಲಿ, ಮತ್ತೆ ತೆರೆದಿತ್ತು. ಹತ್ತೊಂಬತ್ತನೆಯ ಶತಮಾನದ ರಾಷ್ಟ್ರೀಯ ರಣಚಿತ್ರವೆಂಬ ಪ್ರಕಾರದ ಬಗ್ಗೆ ಆ ವ್ಯವಸ್ಥೆಗೆ ಯಾವ ತಾತ್ವಿಕ ತಕರಾರೂ ಇರಲಿಲ್ಲವೆಂದಾಯಿತು. ತಕರಾರು ಇದ್ದದ್ದು ಜಗತಿಯ ಮೇಲೆ ಯಾರು ನಿಲ್ಲಬೇಕೆಂಬುದರ ಬಗ್ಗೆ.

1980ರ ಆಗಸ್ಟಿನ ಮುಷ್ಕರಗಳ ಮೇಲೆ, ಸಾಲಿದಾರ್ನೊಶ್ಚ್ ಚಳವಳಿಯ ಬಿಸಿಯಲ್ಲಿ, ಪನೋರಮಾದ ಬೇಡಿಕೆ ಮತ್ತೆ ಎದ್ದಿತು. 1981ರಲ್ಲಿ ಸಂರಕ್ಷಣೆಯ ಕೆಲಸ ಆರಂಭವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸೇನಾಡಳಿತ ಘೋಷಣೆಯಾಯಿತು. ಆದರೂ ಕೆಲಸ ಮುಂದುವರಿದು 1985ರ ಜೂನ್ 14ರಂದು ಚಿತ್ರ ತೆರೆಯಿತು. ಚಳವಳಿಯನ್ನು ಹತ್ತಿಕ್ಕಿದ ಸರ್ಕಾರದ ಕಾಲದಲ್ಲಿಯೇ ಚಳವಳಿ ಕೇಳಿದ ಚಿತ್ರ ಬಾಗಿಲು ತೆರೆಯಿತೆಂಬುದನ್ನು ಗೆಲುವಿನ ಕಥೆಯಾಗಿ ಹೇಳುವ ರೂಢಿಯಿದೆ. ಅದನ್ನು ಇನ್ನೊಂದು ರೀತಿಯಲ್ಲೂ ಓದಬಹುದು. ಇನ್ನೂರು ವರ್ಷ ಹಳೆಯ ರೈತರ ದಂಗೆಯನ್ನು ಕಾಣಿಸುವುದು ಐದು ವರ್ಷ ಹಳೆಯ ಕಾರ್ಮಿಕರ ಮುಷ್ಕರವನ್ನು ನೆನಪಿಸುವುದಕ್ಕಿಂತ ಅಧಿಕಾರಕ್ಕೆ ಹಗುರವಾಗಿತ್ತು.

ಇಲ್ಲಿ ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಶ್ಚಿಮ ಗೋಡೆಯನ್ನು ನೆನೆಯದಿರಲಾಗದು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಯ್ಲಿಯ ಪಡೆಯನ್ನು ನುಚ್ಚುನೂರು ಮಾಡಿದ ದೃಶ್ಯ ಅಲ್ಲಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಅರಮನೆಯಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದನೆಂದು ಹೇಳುತ್ತಾರೆ. ಡಾಲ್‌ಹೌಸಿಯ ಆಜ್ಞೆಯಂತೆ 1850ರ ದಶಕದಲ್ಲಿ ಅದಕ್ಕೆ ಮತ್ತೆ ಬಣ್ಣ ಹಾಕಲಾಯಿತು. ತಮ್ಮದೇ ಸೋಲಿನ ಚಿತ್ರವನ್ನು ಬ್ರಿಟಿಷರು ಕಾಪಾಡಿದ್ದು ಔದಾರ್ಯದಿಂದಲ್ಲ. ಕೊನೆಯ ಗೆಲುವು ತಮ್ಮದಾಗಿದ್ದುದರಿಂದ ಆ ಸೋಲು ಅವರಿಗೆ ನಿರಪಾಯದ ಕುತೂಹಲವಾಗಿತ್ತು. ವಾರ್ಸಾದ ಸರ್ಕಾರಕ್ಕೆ ಅಂಥ ನಿಶ್ಚಿಂತೆ ಇರಲಿಲ್ಲ. ಸೋಲಿನ ಚಿತ್ರವನ್ನು ಗೋಡೆಯ ಮೇಲೆ ಬಿಡಬಲ್ಲ ಅಧಿಕಾರ, ಮುಚ್ಚಿಡಬೇಕಾದ ಅಧಿಕಾರಕ್ಕಿಂತ ಹೆಚ್ಚು ಬೇರೂರಿದ್ದೆಂದು ತಿಳಿಯಬೇಕು, ಹೆಚ್ಚು ನ್ಯಾಯವಾದದ್ದೆಂದಲ್ಲ.

ಎರಡು ಚಿತ್ರಗಳ ನೋಟದ ಕ್ರಮವೂ ಬೇರೆ. ಪೊಳ್ಳಿಲೂರಿನ ಗೋಡೆಗೆ ಒಂದೇ ನಿಲುಗಡೆಯಿಲ್ಲ. ಪಕ್ಕಮುಖದ ಕುದುರೆಗಳ ಸಾಲಿನ ಮೇಲೆ ಸಾಲು ಸಾಗುತ್ತದೆ. ಚೌಕಾಕಾರದಲ್ಲಿ ಸಿಕ್ಕಿಬಿದ್ದ ಕೆಂಪಂಗಿಗಳ ನಡುವೆ ಮದ್ದಿನ ಬಂಡಿ ಸಿಡಿಯುತ್ತದೆ, ಪಲ್ಲಕ್ಕಿಯಲ್ಲಿ ಬೇಯ್ಲಿ ಬೆರಳು ಕಚ್ಚುತ್ತಾನೆ. ನೋಡುವವನು ಗೋಡೆಯುದ್ದಕ್ಕೂ ನಡೆದು ಕಥೆಯನ್ನು ಕೂಡಿಸಿಕೊಳ್ಳಬೇಕು. ಹೊಸೂರಿನಿಂದ ಸೊಲ್ಲಾಪುರದವರೆಗೆ ಹೊಲದ ಬದುಗಳಲ್ಲಿ ನಿಂತಿರುವ ವೀರಗಲ್ಲುಗಳ ಕ್ರಮವೂ ಬೇರೊಂದು ರೀತಿಯಲ್ಲಿ ಇಂಥದೇ: ಕೆಳಗೆ ಕಾಳಗ, ಮೇಲೆ ವೀರನನ್ನು ಒಯ್ಯುವ ಅಪ್ಸರೆಯರು, ಅದಕ್ಕೂ ಮೇಲೆ ದೇವರ ಸನ್ನಿಧಿ. ಕಣ್ಣು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಸತ್ತವನ ಹೆಸರೂ ಊರೂ ಹಲವು ಬಾರಿ ಅಲ್ಲಿಯೇ ಕೆತ್ತಿರುತ್ತವೆ. ಪನೋರಮಾಕ್ಕೆ ಮೇಲಿನ ಪಟ್ಟಿಕೆಯಿಲ್ಲ. ಸುತ್ತಲೂ ಒಂದೇ ಗಳಿಗೆ, ನಡುವೆ ಒಬ್ಬ ಜೀವಂತ ಪ್ರೇಕ್ಷಕ. ವೀರಗಲ್ಲು ಸತ್ತವನಿಗಾಗಿ ನಿಲ್ಲುತ್ತದೆ, ಪನೋರಮಾ ನೋಡುವವನಿಗಾಗಿ ಸುತ್ತುತ್ತದೆ. ರಾತ್ಸ್ವಾವಿತ್ಸೆಯ ಚಿತ್ರದಲ್ಲಿ ಬಿದ್ದವರು ಅನೇಕರಿದ್ದರೂ ಕಣ್ಣು ಅವರ ಬಳಿ ತಂಗುವುದಿಲ್ಲ. ಜಗತಿಯ ಎತ್ತರ ಅದಕ್ಕೆ ಅವಕಾಶ ಕೊಡುವುದಿಲ್ಲ.

ವಸ್ತುಸಂಗ್ರಹಾಲಯವಾಗಿ ವ್ರೊತ್ಸ್ವಾಫ್‌ನ ಕಟ್ಟಡದ ಸಾಧನೆ ದೊಡ್ಡದು. ಹೊರಗಿನಿಂದ ಅದು ಕಾಂಕ್ರೀಟಿನ ಪಟ್ಟಿಗಳಿಂದ ಹೆಣೆದ ಬುಟ್ಟಿಯಂತಿದೆ. ಅರಮನೆಯ ಆಡಂಬರವಾಗಲಿ ಯುದ್ಧಸ್ಮಾರಕದ ಗದ್ದಲವಾಗಲಿ ಇಲ್ಲ. ಈ ಸಂಯಮ ಒಳಗಿನ ಚಿತ್ರಕ್ಕಿಂತ ಹೆಚ್ಚು ಪ್ರೌಢವೆನಿಸುತ್ತದೆ. ಒಳಗೆ ಬಟ್ಟೆಗೂ ಜಗತಿಗೂ ನಡುವೆ ನಿಜವಾದ ಮಣ್ಣು, ಪೊದೆ, ಮುರಿದ ಸಾಮಗ್ರಿಗಳಿಂದ ಮಾಡಿದ ಮುನ್ನೆಲವಿದೆ. ಮಣ್ಣು ಎಲ್ಲಿ ಮುಗಿದು ಬಣ್ಣ ಎಲ್ಲಿ ಆರಂಭವಾಗುತ್ತದೆಂಬುದನ್ನು ಹುಡುಕುವುದೇ ಹಲವರಿಗೆ ಅಲ್ಲಿನ ಮುಖ್ಯ ಸಂತೋಷ. ಪಕ್ಕದ ಚಿಕ್ಕ ದುಂಡು ಕೋಣೆಯಲ್ಲಿ ರಣಭೂಮಿಯ ಮಾದರಿಯೂ ಸಮವಸ್ತ್ರಗಳೂ ಇವೆ. ತಕರಾರು ಇರುವುದು ನೋಡಿಸುವ ಕ್ರಮದ ಬಗ್ಗೆ. ಪ್ರವೇಶ ನಿಗದಿತ ಹೊತ್ತಿಗೆ, ತಂಡತಂಡವಾಗಿ. ಅವಧಿ ಸುಮಾರು ಅರ್ಧ ಗಂಟೆ. ಕಿವಿಗೆ ಹಾಕಿಕೊಂಡ ಸಾಧನದಲ್ಲಿ ಹಲವು ಭಾಷೆಗಳ ನಿರೂಪಣೆ. ಕಣ್ಣು ಎಲ್ಲಿಗೆ ಬೇಕಾದರೂ ಹೋಗಲೆಂದೇ ಹುಟ್ಟಿದ ಪ್ರಕಾರದಲ್ಲಿ ದನಿಯೊಂದು ಕಣ್ಣನ್ನು ಕೈಹಿಡಿದು ಸರದಿಯಂತೆ ನಡೆಸುತ್ತದೆ. ಬಾರ್ಕರ್‌ನ ಕಾಲದಲ್ಲಿಯೂ ದೃಶ್ಯಸೂಚಿಯ ಹಾಳೆಗಳನ್ನು ಮಾರುತ್ತಿದ್ದರೆಂಬುದು ನಿಜ. ಆದರೆ ಹಾಳೆಯನ್ನು ಮಡಚಿ ಜೇಬಿಗಿಡಬಹುದಾಗಿತ್ತು. ಭಾಷೆಗಳು ಹಲವಿದ್ದರೂ ಅವು ಒಂದೇ ಕಥೆಯ ಅನುವಾದಗಳು. ಭಾಷಾ ವೈವಿಧ್ಯವೆಂದರೆ ಒಂದೇ ಮಾತನ್ನು ಹಲವು ನುಡಿಗಳಲ್ಲಿ ಕೇಳಿಸುವುದೇ ಎಂಬ ಪ್ರಶ್ನೆಯನ್ನು ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನದಲ್ಲಿ ತೊಡಗಿದವರು ಇಲ್ಲಿ ಕೇಳದೆ ಇರಲಾರರು. 1794ರ ಏಪ್ರಿಲ್ 4 ಒಬ್ಬ ಉಕ್ರೇನಿಯನ್ ಒಕ್ಕಲಿಗೆ, ಲ್ವೂಫ್‌ನ ಯಹೂದಿ ಅಂಗಡಿಕಾರನಿಗೆ, ಬ್ರೆಸ್ಲಾವ್ ಬಿಟ್ಟುಹೋದ ಜರ್ಮನ್ ಕುಟುಂಬಕ್ಕೆ ಏನಾಗಿತ್ತೆಂಬುದು ಅನುವಾದದ ಪ್ರಶ್ನೆಯಲ್ಲ.

ಅಂಥ ಕಥನಕ್ಕೆ ಬೇಕಾದ ಸಾಮಗ್ರಿ ಆ ನಗರದಲ್ಲಿಯೇ ಇದೆ. ನೆಪೋಲಿಯನ್ ವಿರುದ್ಧದ 1813ರ ಯುದ್ಧದ ನೂರನೆಯ ವರ್ಷಕ್ಕೆಂದು ಮಾಕ್ಸ್ ಬೆರ್ಗ್ ಕಟ್ಟಿದ ಶತಮಾನ ಭವನ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ; 65 ಮೀಟರ್ ಅಡ್ಡಳತೆಯ ಅದರ ಗುಮ್ಮಟ 1913ರಲ್ಲಿ ಎಂಜಿನಿಯರಿಂಗಿನ ಸೋಜಿಗವಾಗಿತ್ತು, 2006ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಅದು ಜರ್ಮನರ ಯುದ್ಧಸ್ಮರಣೆಯ ದುಂಡು ಕಟ್ಟಡ, ಇದು ಪೋಲರದು. ಒಂದನ್ನು ಕಟ್ಟಿದ ಜನ ನಗರ ಬಿಟ್ಟುಹೋದರು, ಇನ್ನೊಂದರ ಚಿತ್ರವನ್ನು ತಂದವರು ಬೇರೊಂದು ನಗರ ಬಿಟ್ಟುಬಂದರು. ಪ್ರವಾಸಿಗಳು ಒಂದೇ ದಿನದಲ್ಲಿ ಎರಡನ್ನೂ ನೋಡುತ್ತಾರೆ. ಎರಡರ ನಡುವಿನ ಈ ದಾರಿಯನ್ನೇ ವಸ್ತುಸಂಗ್ರಹಾಲಯದ ಭಾಗವಾಗಿಸಿದರೆ ಚಿತ್ರಕ್ಕೆ ಕುಂದೇನೂ ಬಾರದು.

ಲ್ವಿವ್‌ನ ಸ್ತ್ರೀ ಉದ್ಯಾನದಲ್ಲಿ 1894ರ ದುಂಡು ಕಟ್ಟಡ ಇಂದಿಗೂ ಇದೆ. ಚಿತ್ರ ಹೋದ ಮೇಲೆ ಅದು ಪಾಲಿಟೆಕ್ನಿಕ್ ವಿದ್ಯಾಲಯದ ಕ್ರೀಡಾಭವನವಾಗಿದೆ. ಅದನ್ನು ವ್ರೊತ್ಸ್ವಾಫ್‌ನ ಚಿತ್ರದ ಇನ್ನೊಂದು ಅರ್ಧವೆಂದು ಬಗೆದು, ಪೋಲಿಷ್ ಮತ್ತು ಉಕ್ರೇನಿಯನ್ ಎರಡೂ ಬಲ್ಲ ವಿದ್ವಾಂಸರು ಎರಡು ಕಟ್ಟಡಗಳ ಚರಿತ್ರೆಯನ್ನು ಒಟ್ಟಿಗೆ ಬರೆಯುವುದು ಈ ಕೃತಿಯ ವಿಮರ್ಶೆಯಲ್ಲಿ ಮುಂದೆ ಆಗಬೇಕಾದ ಮೊದಲ ಕೆಲಸ.